ಬೇಸ್ ಗಿಟಾರ್ ಕಟ್ಟುವಾಗ ಬ್ರಿಡ್ಜ್‌ಗೆ ಗ್ರೌಂಡ್: ಯಾವ ವಾದ್ಯಕ್ಕೆ ಯಾವ ದಾರಿ

ಮೈ ಕೊರೆದಾಯಿತು, ಕತ್ತು ಕೂರಿಸಿದ್ದಾಯಿತು, ಪಾಲಿಶ್ ಒಣಗಿತು. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಜೋಡಿಸಿ ಕೇಬಲ್ ಚುಚ್ಚಿದರೆ ಆಂಪ್ಲಿಫೈಯರ್‌ನಿಂದ ‘ಗುಂಯ್’ ಎಂಬ ಸದ್ದು. ತಂತಿ ಮುಟ್ಟಿದರೂ ಅದೇ, ಬಿಟ್ಟರೂ ಅದೇ. ಬೇಸ್ ಗಿಟಾರನ್ನು ತಾವೇ ಕಟ್ಟಿದವರು ನನ್ನ ಬಳಿ ತರುವ ದೂರುಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಬಿಚ್ಚಿ ನೋಡಿದರೆ ಬ್ರಿಡ್ಜ್‌ನಿಂದ ವಾಲ್ಯೂಮ್ ಪಾಟ್‌ನ (ಸದ್ದು ಏರಿಳಿಸುವ ನಾಬ್‌ನ ಕೆಳಗಿನ ಭಾಗದ) ಬೆನ್ನಿಗೆ ಹೋಗಬೇಕಾದ ಒಂದೇ ಒಂದು ವೈರ್ ಇರುವುದಿಲ್ಲ. ಇಲ್ಲವೇ ಇದ್ದೂ ಇಲ್ಲದಂತಾಗಿರುತ್ತದೆ.

ಈ ವೈರನ್ನು ಒಯ್ಯಲು ಹಲವು ದಾರಿಗಳಿವೆ. ನಾನಿರುವುದು ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆ. ಇಲ್ಲಿ ಕಿಟಕಿಯ ಸರಳೂ ತುಕ್ಕು ಹಿಡಿಯುತ್ತದೆ, ಸೈಕಲ್ಲಿನ ಚೈನೂ ಹಿಡಿಯುತ್ತದೆ. ಹಾಗಾಗಿ ನನ್ನ ಆಯ್ಕೆ ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಮೂರು ಮಳೆಗಾಲ ಕಳೆದ ಮೇಲೂ ಆ ಕೂಡಿಕೆಯಲ್ಲಿ ವಿದ್ಯುತ್ ಹರಿಯುತ್ತದೆಯೇ? ಆ ವೈರ್ ನಮ್ಮ ಮೈಯನ್ನು ಯಾರ ಅರ್ಥಿಂಗ್‌ಗೆ ಕಟ್ಟಿಹಾಕುತ್ತಿದೆ? ಯಾವ ದಾರಿಯಲ್ಲಿ ನಾದ ಚೆನ್ನಾಗಿ ಬರುತ್ತದೆ ಎಂದು ಕೇಳುವವರಿದ್ದಾರೆ. ಕೂಡಿಕೆ ಸರಿ ಇದ್ದರೆ ಯಾವ ದಾರಿಯಲ್ಲೂ ನಾದ ಬದಲಾಗುವುದಿಲ್ಲ.

ಮುಂದೆ ಹೋಗುವ ಮೊದಲು ಪದಗಳ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಮೀಟುವುದೂ ತಂತಿ, ಕರೆಂಟ್ ಹರಿಯುವುದೂ ತಂತಿ. ಇಲ್ಲಿ ಮೀಟುವುದನ್ನು ಮಾತ್ರ ತಂತಿ ಎನ್ನುತ್ತೇನೆ, ಒಳಗಿನದನ್ನು ವೈರ್ ಎನ್ನುತ್ತೇನೆ. ವೀಣೆಯವರು ಕುದುರೆ ಎನ್ನುವುದೇ ಗಿಟಾರಿನವರ ಬ್ರಿಡ್ಜ್. ವೀಣೆಯ ಕುದುರೆ ಮರದ್ದು, ಮೇಲೆ ಲೋಹದ ತಗಡು. ಬೇಸ್ ಗಿಟಾರಿನ ಬ್ರಿಡ್ಜ್ ಸಾಮಾನ್ಯವಾಗಿ ಇಡಿಯಾಗಿ ಲೋಹ. ಗ್ರೌಂಡ್ ಎಂದರೆ, ಕೇಬಲ್ ಚುಚ್ಚುವ ಜ್ಯಾಕ್‌ನ ಹೊರಬಳೆಗೆ ಸೇರುವ ಎಲ್ಲವೂ. ಅಲ್ಲಿಂದ ಅದು ಕೇಬಲ್‌ನ ಹೊರಜಾಲರಿಯ ಮೂಲಕ ಆಂಪ್ಲಿಫೈಯರ್‌ನ ಲೋಹದ ಮೈಗೂ, ಮೂರು ಪಿನ್ನಿನ ಪ್ಲಗ್ ಮೂಲಕ ಗೋಡೆಯ ಅರ್ಥಿಂಗ್‌ಗೂ ತಲುಪುತ್ತದೆ.

ತಂತಿ ಮುಟ್ಟಿದರೆ ಸದ್ದು ಇಳಿಯುವುದೇಕೆ

ಗೋಡೆಯೊಳಗೆ ಹರಿಯುವ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತಿನ ಕ್ಷೇತ್ರ ಕೋಣೆಯನ್ನೆಲ್ಲ ಆವರಿಸಿರುತ್ತದೆ. ಫ್ಯಾನಿನ ರೆಗ್ಯುಲೇಟರು, ಎಲ್‌ಇಡಿ ದೀಪ, ಮೊಬೈಲ್ ಚಾರ್ಜರು ಅದಕ್ಕೆ ಇನ್ನಷ್ಟು ಚರಚರ ಸೇರಿಸುತ್ತವೆ. ಮನುಷ್ಯನ ಮೈ ಇದನ್ನೆಲ್ಲ ಹೀರುವ ದೊಡ್ಡ ಏರಿಯಲ್. ಆ ಮೈ ಪಿಕಪ್‌ಗೆ ಒಂದು ಗೇಣು ದೂರದಲ್ಲಿ ಕುಳಿತಿರುತ್ತದೆ. ಹೀರಿದ್ದನ್ನು ಪಿಕಪ್‌ಗೂ ವೈರ್‌ಗಳಿಗೂ ದಾಟಿಸುತ್ತದೆ. ಬ್ರಿಡ್ಜ್ ಗ್ರೌಂಡಿಗೆ ಸೇರಿದ್ದರೆ, ಬೆರಳು ತಂತಿಯನ್ನು ಮುಟ್ಟಿದ ಕ್ಷಣವೇ ನಮ್ಮ ಮೈಯೂ ಗ್ರೌಂಡ್ ಆಗುತ್ತದೆ. ಸದ್ದು ತರುತ್ತಿದ್ದ ಮೈ ಆಗ ಸದ್ದಿಗೆ ಅಡ್ಡ ನಿಲ್ಲುವ ಪರದೆಯಾಗುತ್ತದೆ.

ಎಲ್ಲ ಗುಂಯ್‌ಗೂ ಇದೇ ಮದ್ದಲ್ಲ. ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರದಿಂದ ಬರುವ ಗುಂಗು ಒಂಟಿ ಸುರುಳಿಯ ಪಿಕಪ್ ಇದ್ದಲ್ಲಿ ಬಂದೇ ಬರುತ್ತದೆ. ಬ್ರಿಡ್ಜ್‌ಗೆ ಹತ್ತು ವೈರ್ ಎಳೆದರೂ ಹೋಗುವುದಿಲ್ಲ. 1957ರಿಂದ ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್‌ನಲ್ಲಿ ಬಂದ ಎರಡು ತುಂಡಿನ ಪಿಕಪ್ ಅದನ್ನು ತಾನೇ ಕಳೆಯುತ್ತದೆ. ವಾದ್ಯ ಹಿಡಿದು ನಿಂತಲ್ಲೇ ತಿರುಗಿ ನೋಡಿ. ದಿಕ್ಕು ಬದಲಾದಂತೆ ಸದ್ದು ಏರಿಳಿದರೆ ಅದು ಕಾಂತದ್ದು. ಮುಟ್ಟಿದಾಗ ಇಳಿದು, ಬಿಟ್ಟಾಗ ಏರಿದರೆ ನಿಮ್ಮ ಬ್ರಿಡ್ಜ್ ವೈರ್ ಸರಿಯಿದೆ, ಪಿಕಪ್, ಪಾಟ್ ಕೂರುವ ಕುಳಿಯೊಳಗೆ ಸದ್ದು ತಡೆಯಲು ಹಾಕುವ ತಾಮ್ರದ ಹೊದಿಕೆ ಸಾಲದಾಗಿದೆ ಎಂದರ್ಥ. ಮುಟ್ಟಿದಾಗ ಸದ್ದು ಹೆಚ್ಚಿದರೆ ಜ್ಯಾಕ್‌ನ ಎರಡು ವೈರ್ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ಬೇರೆ ಎಲ್ಲೂ ಕೈ ಹಾಕುವ ಮೊದಲು ಅದನ್ನೇ ನೋಡಿ.

ಬ್ರಿಡ್ಜ್ ಯಾವ ಲೋಹದ್ದು?

ದಾರಿ ಆಯುವ ಮೊದಲು ಬ್ರಿಡ್ಜನ್ನು ಕೈಗೆತ್ತಿಕೊಳ್ಳಿ. ಬಾಗಿಸಿದ ಉಕ್ಕಿನ ತಗಡೇ, ಹಿತ್ತಾಳೆಯ ಗಟ್ಟಿಯೇ, ಅಚ್ಚಿಗೆ ಎರಕ ಹೊಯ್ದ ಸತುವಿನ ಮಿಶ್ರಲೋಹವೇ, ಅಲ್ಯೂಮಿನಿಯಮ್ಮೇ? ಕಪ್ಪು ಬಣ್ಣದ್ದಾದರೆ ಎರಡು ಪಟ್ಟು ಎಚ್ಚರ ಬೇಕು. ಪೌಡರ್ ಕೋಟಿಂಗ್ ಬಣ್ಣವೂ, ಅನೋಡೈಸ್ ಮಾಡಿದ ಅಲ್ಯೂಮಿನಿಯಂ ಪದರವೂ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕಿಟ್ಟು ಬ್ರಿಡ್ಜ್‌ನ ಅಡಿಯನ್ನೂ ತಂತಿ ಕೂರುವ ಸ್ಯಾಡಲ್ಲನ್ನೂ ಮುಟ್ಟಿಸಿ. ಬೀಪ್ ಬಾರದಿದ್ದರೆ ವೈರ್ ತಾಗುವ ಜಾಗದಲ್ಲಿ ಒಂದು ಬೆರಳಗಲ ಬಣ್ಣವನ್ನು ಉಜ್ಜಿ ಲೋಹ ಕಾಣಿಸಬೇಕು. ಕೆಲವು ಕಪ್ಪು ಬ್ರಿಡ್ಜ್‌ಗಳಲ್ಲಿ ಸ್ಯಾಡಲ್‌ಗೂ ಬ್ರಿಡ್ಜ್‌ನ ಅಡಿಯ ತಟ್ಟೆಗೂ ನಡುವೆಯೇ ಬಣ್ಣ ಅಡ್ಡ ಕೂತಿರುತ್ತದೆ. ನಾಲ್ಕೂ ಸ್ಯಾಡಲ್‌ಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿ. ಒಂದು ಬೀಪ್ ಎಂದಿತೆಂದು ಉಳಿದ ಮೂರನ್ನು ನಂಬಬೇಡಿ.

ತಟ್ಟೆಯಡಿ ಹರಡಿದ ವೈರ್

ಹೆಚ್ಚಿನವರು ಹಿಡಿಯುವ ದಾರಿ ಇದು. ಪಾಟ್‌ಗಳಿರುವ ಕಂಟ್ರೋಲ್ ಕುಳಿಯಿಂದ ಬ್ರಿಡ್ಜ್ ಕೂರುವ ಜಾಗಕ್ಕೆ ಮರದೊಳಗೆ ಓರೆಯಾಗಿ ತೂತು ಕೊರೆದು, ವೈರ್ ತೂರಿಸಿ, ತುದಿಯ ಪ್ಲಾಸ್ಟಿಕ್ಕನ್ನು ಎರಡೂವರೆ ಸೆಂಟಿಮೀಟರ್ ಸುಲಿದು, ಎಳೆಗಳನ್ನು ಬೀಸಣಿಗೆಯಂತೆ ಹರಡಿ, ಮೇಲೆ ಬ್ರಿಡ್ಜ್ ಕೂರಿಸಿ ಸ್ಕ್ರೂ ಬಿಗಿಯುವುದು. ಬೆಸುಗೆ ಬೇಡ, ಹೊರಗೆ ಏನೂ ಕಾಣುವುದಿಲ್ಲ, ಬೇಕಾದಾಗ ಬ್ರಿಡ್ಜ್ ಬಿಚ್ಚಬಹುದು. ಕಷ್ಟವೆಲ್ಲ ತೂತಿನದು.

ಮೂರು ವರ್ಷದ ಹಿಂದೆ ಶಿರಸಿಯ ನನ್ನ ಭಾವನ ಮನೆ ಜಗಲಿಯಲ್ಲಿ ಇದನ್ನೇ ಮಾಡಿದೆವು. ಅವರ ಹಿತ್ತಲಲ್ಲಿ ಗಾಳಿಗೆ ಬಿದ್ದ ಹಲಸಿನ ಮರವನ್ನು ಕೊಯ್ಯಿಸಿ, ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿಸಿಟ್ಟಿದ್ದ ಹಲಗೆ. ಮದ್ದಳೆಗೂ ವೀಣೆಗೂ ಒಗ್ಗಿದ ಮರ ಬೇಸ್ ಗಿಟಾರಿಗೆ ಏಕೆ ಒಗ್ಗಬಾರದು ಎಂಬುದು ಭಾವನ ವಾದವಾಗಿತ್ತು. ಮೈ ಸಿದ್ಧವಾಗಿ ಉಜ್ಜುಕಾಗದದ ಕೆಲಸವೂ ಮುಗಿದಿತ್ತು. ಡ್ರಿಲ್ ಹಿಡಿದಾಗ ಭಾವ ನನ್ನ ಕೈ ತಡೆದರು. ‘ಇಷ್ಟು ನಯ ಮಾಡಿದ ಮೈಗೆ ಕಣ್ಣಂದಾಜಿನಲ್ಲಿ ಓರೆ ತೂತು ಕೊರೆಯುತ್ತೀಯಾ? ಸ್ವಲ್ಪ ನಿಲ್ಲು,’ ಎಂದರು. ಸೀಸದ ಕಡ್ಡಿ ತಂದು ಲೆಕ್ಕ ಹಾಕಿದೆವು. ಮೈಯ ದಪ್ಪ 44 ಮಿಲಿಮೀಟರ್. ಬ್ರಿಡ್ಜ್ ಕೂರುವ ಜಾಗದ ನಡುವಿನಿಂದ ಕುಳಿಯ ಗೋಡೆಗೆ 90 ಮಿಲಿಮೀಟರ್. ತೂತು ಗೋಡೆಯಲ್ಲಿ 20 ಮಿಲಿಮೀಟರ್ ಆಳದಲ್ಲಿ ಹೊರಬಿದ್ದರೆ ಮೇಲೂ ಕೆಳಗೂ ಸಾಕಷ್ಟು ಮರ ಉಳಿಯುತ್ತದೆ. ಹಾಗಾದರೆ ಇಳಿಜಾರು ಸುಮಾರು 12 ಡಿಗ್ರಿ.

ಭಾವ ಉಳಿದ ಹಲಸಿನ ತುಂಡಿನಲ್ಲಿ ಅದೇ ಇಳಿಜಾರಿನ ಒಂದು ಬೆಣೆ ಕೊಯ್ದರು. ಅದರ ಓರೆ ಮುಖದ ಮೇಲೆ ಬಿಟ್ ಜಾರದಂತೆ ಒಂದು ಗೀರು ತೆಗೆದರು. ಬೆಣೆಯನ್ನು ಬ್ರಿಡ್ಜ್ ಜಾಗದ ಹಿಂದೆ ಕ್ಲ್ಯಾಂಪ್ ಹಾಕಿ ಬಿಗಿದೆವು. 3 ಮಿಲಿಮೀಟರ್ ದಪ್ಪದ, 300 ಮಿಲಿಮೀಟರ್ ಉದ್ದದ ಬಿಟ್ ಆ ಗೀರಿನ ಮೇಲೆ ಮಲಗಿತು. ಉದ್ದದ ಬಿಟ್ಟೇ ಬೇಕು. ಗಿಡ್ಡ ಬಿಟ್ ಆದರೆ ಇಷ್ಟು ಕಡಿಮೆ ಓರೆಯಲ್ಲಿ ಡ್ರಿಲ್‌ನ ಮೂತಿಯೇ ಮೈಗೆ ಬಡಿಯುತ್ತದೆ. ಬಿಟ್‌ನ ಮೇಲೆ 95 ಮಿಲಿಮೀಟರ್‌ಗೆ ಇನ್ಸುಲೇಶನ್ ಟೇಪಿನ ಗುರುತು ಸುತ್ತಿದೆವು. ನಿಧಾನ ವೇಗ, ಬೆರಳಗಲ ಇಳಿದಾಗಲೊಮ್ಮೆ ಹೊರಗೆಳೆದು ಪುಡಿ ಕೊಡವುವುದು. ಹಲಸಿನ ಹಳದಿ ಪುಡಿ ಜಗಲಿಯ ಕೆಂಪು ನೆಲದ ಮೇಲೆ ಸಣ್ಣ ರಾಶಿಯಾಯಿತು. ಟೇಪಿನ ಗುರುತು ಮೈಗೆ ತಾಗುವ ಹೊತ್ತಿಗೆ ಕುಳಿಯ ಗೋಡೆಯಲ್ಲಿ ಮೊದಲು ಒಂದು ಸಣ್ಣ ಉಬ್ಬು ಕಾಣಿಸಿತು, ಅದು ಸಿಡಿದು ಬಿಟ್‌ನ ಮೊನೆ ಇಣುಕಿತು. ಅಳೆದರೆ 21 ಮಿಲಿಮೀಟರ್ ಆಳ. ಬೆಣೆ ಕೊಯ್ಯಲು ಹಿಡಿದ ಅರ್ಧ ಗಂಟೆಯನ್ನು ಯಾರೂ ಉಳಿಸಲು ಹೋಗಬಾರದು ಎಂದು ನನಗೆ ಅಂದೇ ಮನದಟ್ಟಾಯಿತು. ಈ ಕೊರೆತ ಪಾಲಿಶ್‌ಗೆ ಮೊದಲೇ ಆಗಬೇಕು.

ಜಾಝ್ ಬೇಸ್ ಮಾದರಿಯದಾದರೆ ಕೆಲಸ ಸುಲಭ. ಬ್ರಿಡ್ಜ್ ಕಡೆಯ ಪಿಕಪ್ ಕುಳಿ ಕೆಲವೇ ಸೆಂಟಿಮೀಟರ್ ದೂರದಲ್ಲಿರುತ್ತದೆ. ಅದರೊಳಗಿನಿಂದಲೇ ಬ್ರಿಡ್ಜ್‌ನ ಅಡಿಗೆ ಒಂದು ಗಿಡ್ಡ ತೂತು ಸಾಕು. ಪಿಕಪ್‌ನ ವೈರ್ ಹೋಗುವ ದಾರಿಯಲ್ಲೇ ಗ್ರೌಂಡ್ ವೈರೂ ಕಂಟ್ರೋಲ್ ಕುಳಿಗೆ ಹೋಗುತ್ತದೆ.

ವೈರ್ ಬಹು ಎಳೆಯದಿರಲಿ, ದಪ್ಪ ಬೇಡ, 0.35 ಚದರ ಮಿಲಿಮೀಟರ್ ಧಾರಾಳ ಸಾಕು. ಒಂಟಿ ಎಳೆಯ ಗಟ್ಟಿ ವೈರ್ ಬ್ರಿಡ್ಜನ್ನು ಒಂದು ಬದಿಗೆ ಎತ್ತಿ ಹಿಡಿಯುತ್ತದೆ, ಆ ಬದಿಯಲ್ಲಿ ತಟ್ಟೆ ಮೈಗೆ ಕೂರುವುದೇ ಇಲ್ಲ. ಹರಡಿದ ಎಳೆಗಳಿಗೂ ಚೂಪು ಉಳಿಯಿಂದ ಕೂದಲೆಳೆಯ ಆಳದ ಒಂದು ಹಾಸುಗಾಲುವೆ ತೆಗೆದುಕೊಟ್ಟರೆ ಒಳ್ಳೆಯದು. ಪೂರ್ತಿ ಹುದುಗುವಷ್ಟು ಆಳ ಮಾಡಿದರೆ ತಟ್ಟೆಗೆ ಎಳೆ ತಾಗುವುದೇ ಇಲ್ಲ. ಎಳೆಗಳು ಒಂದು ಸ್ಕ್ರೂನ ಪಕ್ಕದಲ್ಲೇ ಇರಲಿ. ಒತ್ತಡ ಹುಟ್ಟುವುದು ಸ್ಕ್ರೂನಿಂದ. ತಂತಿಗಳು ಬ್ರಿಡ್ಜನ್ನು ಎಳೆಯುವುದು ಕತ್ತಿನ ಕಡೆಗೆ, ಮೈಯೊಳಕ್ಕಲ್ಲ.

ಘಟ್ಟದ ಮೇಲೆ ಇದೇ ಸಾಕು. ಶಿರಸಿಯಲ್ಲೂ ಮಳೆ ಕಡಿಮೆಯಿಲ್ಲ, ಆದರೆ ಅಲ್ಲಿನ ಗಾಳಿಯಲ್ಲಿ ಉಪ್ಪಿಲ್ಲ. ಘಟ್ಟದ ಕೆಳಗೆ ನಾನು ಇದನ್ನು ಹೀಗೇ ಬಿಡುವುದಿಲ್ಲ.

ಉಪ್ಪುಗಾಳಿಯ ಊರಿಗೆ ರಿಂಗ್ ಲಗ್

ಇಗರ್ಜಿಯ ಗಾಯನವೃಂದದಲ್ಲಿ ನುಡಿಸುವ ಒಬ್ಬ ಹುಡುಗ ಒಂದು ಮಳೆಗಾಲದ ಕೊನೆಗೆ ತನ್ನ ಬೇಸ್ ತಂದ. ಮೊದಲು ಸುಮ್ಮನಿತ್ತು, ಈಗ ಗುಂಯ್ ಎನ್ನುತ್ತದೆ, ಬ್ರಿಡ್ಜ್ ಮೇಲೆ ಅಂಗೈ ಒತ್ತಿದರೆ ನಿಲ್ಲುತ್ತದೆ, ಕೈ ತೆಗೆದರೆ ಮತ್ತೆ ಶುರು ಎಂದ. ಮೀಟರ್ ಹಚ್ಚಿದರೆ ಮೂರು ಓಮ್, ಏಳು ಓಮ್, ಆಮೇಲೆ ಏನೂ ಇಲ್ಲ, ಮತ್ತೆ ಮೂರು. ಸ್ಕ್ರೂ ಬಿಚ್ಚಿ ಬ್ರಿಡ್ಜ್ ಎತ್ತಿದೆ. ತಾಮ್ರದ ಎಳೆಗಳಿದ್ದಲ್ಲಿ ಹಸಿರು ಪುಡಿ ಇತ್ತು. ತೊಳೆಯದೆ ಬಿಟ್ಟ ತಾಮ್ರದ ತಂಬಿಗೆಯ ಅಂಚಿನಲ್ಲಿ ಕಾಣುವ ಅದೇ ಕಿಲುಬು. ಅದರ ನೇರಕ್ಕೆ ತಟ್ಟೆಯ ಅಡಿಯಲ್ಲಿ ನಿಕ್ಕಲ್ ಎದ್ದು, ಬೀಸಣಿಗೆಯ ಆಕಾರದಲ್ಲೇ ಕಂದು ತುಕ್ಕಿನ ಅಚ್ಚು ಬಿದ್ದಿತ್ತು. ಬೆರಳಲ್ಲಿ ಮುಟ್ಟಿದರೆ ಎಳೆಗಳು ಒಣಗಿದ ಹುಲ್ಲಿನಂತೆ ಮುರಿದವು.

ತಾಮ್ರ ಮತ್ತು ಉಕ್ಕು, ನಡುವೆ ಉಪ್ಪಿನ ತೇವ. ಇಷ್ಟು ಸೇರಿದರೆ ಅದೊಂದು ಪುಟ್ಟ ಬ್ಯಾಟರಿಯಾಗಿ ಉಕ್ಕು ತಿನ್ನಿಸಿಕೊಳ್ಳುತ್ತದೆ. ಬೆವರೂ ಉಪ್ಪೇ ತಾನೇ; ಅಂಗೈ ಬ್ರಿಡ್ಜ್ ಮೇಲಿಟ್ಟು ನುಡಿಸುವವರ ವಾದ್ಯದಲ್ಲಿ ಇದು ಇನ್ನೂ ಬೇಗ.

ಆ ವಾದ್ಯಕ್ಕೆ ನಾನು ಹಾಕಿದ್ದು ತವರ ಲೇಪಿಸಿದ ರಿಂಗ್ ಲಗ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ವೈರ್ ತುದಿಗೆ ಒತ್ತಿ ಕೂರಿಸಲು ಸಿಗುವ ಉಂಗುರದ ತುದಿ. ಬ್ರಿಡ್ಜ್‌ನ ಒಂದು ಸ್ಕ್ರೂ ತೂತಿನ ಸುತ್ತ, ಲಗ್ಗಿನ ದಪ್ಪಕ್ಕಿಂತ ತುಸು ಕಡಿಮೆ ಆಳದ ಗುಳಿಯನ್ನು ಉಳಿಯಿಂದ ತೆಗೆದು, ಲಗ್ಗನ್ನು ಅದರಲ್ಲಿ ಮಲಗಿಸಿ, ಸ್ಕ್ರೂ ಅದರ ನಡುವಿನಿಂದಲೇ ಇಳಿಯುವಂತೆ ಮಾಡಿದೆ. ಹೀಗೆ ಬಿಗಿದಾಗ ಎರಡು ಚಪ್ಪಟೆ ಲೋಹಗಳು ಸ್ಕ್ರೂನ ಪೂರ್ತಿ ಒತ್ತಡದಲ್ಲಿ ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ತೇವ ನುಗ್ಗಲು ಸಂದು ಕಡಿಮೆ. ವೈರ್ ಕೂಡ ತವರ ಲೇಪಿಸಿದ ಎಳೆಗಳದ್ದು. ಬಿಗಿದ ಮೇಲೆ ಅಂಚಿನ ಸುತ್ತ ತೆಳ್ಳಗೆ ವ್ಯಾಸಲೀನ್ ಸವರಿದೆ, ಕಾರಿನ ಬ್ಯಾಟರಿಯ ಟರ್ಮಿನಲ್‌ಗೆ ಸವರುವಂತೆ. ಕಾರವಾರದಿಂದ ಭಟ್ಕಳದವರೆಗೆ ಸಮುದ್ರದ ಮಗ್ಗುಲಲ್ಲಿ ಯಾರೇ ಬೇಸ್ ಕಟ್ಟಿದರೂ ನನ್ನ ಸಲಹೆ ಇದೇ. ತೂತು ಕೊರೆಯುವ ಶ್ರಮ ಎರಡರಲ್ಲೂ ಒಂದೇ. ಹೆಚ್ಚಿನ ಖರ್ಚು ಒಂದು ಲಗ್ಗಿನದು. ಎರಕದ ಸತುವಿನ ಬ್ರಿಡ್ಜ್‌ಗೂ, ಬಣ್ಣ ಉಜ್ಜಬೇಕಾದ ಕಪ್ಪು ಬ್ರಿಡ್ಜ್‌ಗೂ ಇದೇ ಉತ್ತಮ, ಏಕೆಂದರೆ ಉಜ್ಜಬೇಕಾದ ಜಾಗ ಲಗ್ಗಿನಷ್ಟೇ.

ಲಗ್ಗನ್ನು ಸ್ಕ್ರೂ ತಲೆಯ ಕೆಳಗೆ, ತಟ್ಟೆಯ ಮೇಲೆ ಹಾಕುವವರೂ ಇದ್ದಾರೆ. ವಿದ್ಯುತ್ತಿನ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅಂಗೈಗೆ ತಾಗುತ್ತದೆ, ಕಣ್ಣಿಗೂ ಕಾಣುತ್ತದೆ.

ಬೆಸುಗೆ, ಪಟ್ಟಿ, ಬಿಡಿ ಬ್ರಿಡ್ಜ್

ಬ್ರಿಡ್ಜ್‌ಗೇ ವೈರನ್ನು ಬೆಸೆಯುವುದು ಎಲ್ಲಕ್ಕಿಂತ ಭದ್ರ ಎಂದು ಕೇಳಿದಾಗ ಅನ್ನಿಸುತ್ತದೆ. ಹಿತ್ತಾಳೆಯ ತಟ್ಟೆಗೆ, ಬಲವಾದ ಸೋಲ್ಡರಿಂಗ್ ಐರನ್ ಇದ್ದವರಿಗೆ ಅದು ನಿಜವೂ ಹೌದು. ಮೊಬೈಲ್ ರಿಪೇರಿಯ 25 ವಾಟ್ ಐರನ್‌ನಿಂದ ಇದು ಆಗದು. ಅಷ್ಟು ದೊಡ್ಡ ಲೋಹ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ, ಸೀಸ ಮೇಲೆ ಮುತ್ತಿನಂತೆ ಕೂತು ಮರುದಿನ ಉದುರುತ್ತದೆ. 60ರಿಂದ 100 ವಾಟ್ ಬೇಕು. ಕ್ರೋಮ್ ಮೇಲೆ ಬೆಸುಗೆ ಹಿಡಿಯುವುದಿಲ್ಲ, ಕೆರೆಯಬೇಕು. ಎರಕದ ಸತುವಿನ ಮಿಶ್ರಲೋಹಕ್ಕೆ ಈ ಪ್ರಯೋಗ ಬೇಡವೇ ಬೇಡ. ಅದು ಕರಗುವುದೇ 380 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಐರನ್‌ನ ಮೊನೆ ಅದರ ಹತ್ತಿರವೇ ಇರುತ್ತದೆ. ಬೆಸೆದರೂ ಬ್ರಿಡ್ಜ್ ಎತ್ತಲು ಬರುವಷ್ಟು ವೈರನ್ನು ಕುಳಿಯೊಳಗೆ ಸಡಿಲ ಬಿಡಿ.

ಮೈಯ ಮೇಲೆಯೇ ಲೋಹದ ಪಟ್ಟಿ ಹಾಯಿಸುವುದು ಅಪರೂಪ, ಆದರೆ ಹೊಸದಲ್ಲ. 1960ರಲ್ಲಿ ಬಂದ ಫೆಂಡರ್ ಜಾಝ್ ಬೇಸ್‌ನ ಮೊದಲ ವರ್ಷಗಳ ವಾದ್ಯಗಳಲ್ಲಿ ಹಿಂದಿನ ಪಿಕಪ್‌ನಿಂದ ಬ್ರಿಡ್ಜ್‌ವರೆಗೆ ಮೈಮೇಲೆ ಇಂಥದೊಂದು ಪಟ್ಟಿ ಕಾಣುತ್ತದೆ. ಪಾಲಿಶ್ ಮುಗಿದು, ಬ್ರಿಡ್ಜ್ ಕೂರಿಸಿ ಆದಮೇಲೆ ತೂತು ಮರೆತದ್ದು ನೆನಪಾದರೆ ಇದೇ ಪಾರುಗಾಣಿಸುವ ದಾರಿ. ತೆಳು ಹಿತ್ತಾಳೆಯ ಪಟ್ಟಿ ಮಾಡಿಸಿ. ಅಂಟಿನ ತಾಮ್ರದ ಟೇಪನ್ನು ನಾನು ಒಪ್ಪುವುದಿಲ್ಲ. ಬೆವರು ತಾಗಿ ಒಂದೇ ವರ್ಷದಲ್ಲಿ ಅಂಚು ಏಳುತ್ತದೆ. ಮೇಲಾಗಿ ಎಲ್ಲ ಟೇಪಿನ ಅಂಟಿನಲ್ಲೂ ವಿದ್ಯುತ್ ಹರಿಯುವುದಿಲ್ಲ. ಕುಳಿಯೊಳಗಿನ ಹೊದಿಕೆಗೆ ಮಾತ್ರ ಅದನ್ನು ಇಟ್ಟುಕೊಳ್ಳಿ.

ಒಂದೊಂದು ತಂತಿಗೂ ಬೇರೆಬೇರೆ ಬ್ರಿಡ್ಜ್ ಹಾಕುವವರು ಒಂದಕ್ಕೆ ಮಾತ್ರ ವೈರ್ ಕೊಟ್ಟು ಉಳಿದವನ್ನು ಮರೆಯುತ್ತಾರೆ. ಆಗ ಇ ತಂತಿ ಮುಟ್ಟಿದರೆ ಮೌನ, ಜಿ ತಂತಿ ಮುಟ್ಟಿದರೆ ಗುಂಯ್. ಎಲ್ಲ ಬ್ರಿಡ್ಜ್‌ಗಳ ಅಡಿಯಲ್ಲಿ ಅಡ್ಡಲಾಗಿ ಒಂದು ತೆಳು ಹಿತ್ತಾಳೆ ಪಟ್ಟಿ ಹಾಸಿ, ಆ ಪಟ್ಟಿಗೆ ವೈರ್ ಬೆಸೆಯಿರಿ. ತೆಳು ಹಿತ್ತಾಳೆಗೆ ಸಣ್ಣ ಐರನ್ ಸಾಕು.

ಗ್ರೌಂಡ್ ಕೊಡದೆಯೂ ಆಗುತ್ತದೆಯೇ?

ಇಎಂಜಿ ಕಂಪನಿಯವುಗಳ ತರಹದ, ಬ್ಯಾಟರಿಯಿಂದ ನಡೆಯುವ ಆ್ಯಕ್ಟಿವ್ ಪಿಕಪ್‌ಗಳಿಗೆ ಬ್ರಿಡ್ಜ್ ಗ್ರೌಂಡ್ ಬೇಕಿಲ್ಲ ಎಂದು ತಯಾರಕರೇ ಹೇಳುತ್ತಾರೆ. ಅವುಗಳ ಸುರುಳಿಯೂ, ಸಿಗ್ನಲ್ ಹಿಗ್ಗಿಸುವ ಪ್ರಿಆಂಪೂ ಪಿಕಪ್ ಒಳಗೇ ಪರದೆಯಲ್ಲಿರುತ್ತವೆ. ಪಿಕಪ್ ಸಾಮಾನ್ಯದ್ದಾಗಿದ್ದು ಒಳಗೆ ಬ್ಯಾಟರಿಯ ಪ್ರಿಆಂಪ್ ಮಾತ್ರ ಇದ್ದರೆ ಅದು ಬೇರೆ ಮಾತು. ಅಲ್ಲಿ ವೈರ್ ಬೇಕೇ ಬೇಕು. ಬ್ಯಾಟರಿ ಕಂಡ ಕೂಡಲೇ ವೈರ್ ಕಿತ್ತುಹಾಕಬೇಡಿ.

ನೈಲಾನ್ ಪಟ್ಟಿ ಸುತ್ತಿದ ಕಪ್ಪು ತಂತಿಗಳನ್ನು ಹಾಕುವವರಿಗೆ ಬ್ರಿಡ್ಜ್ ವೈರ್ ಇದ್ದರೂ ಪ್ರಯೋಜನ ಅರ್ಧ. ಬೆರಳು ನೈಲಾನನ್ನು ಮುಟ್ಟುತ್ತದೆ, ಲೋಹವನ್ನಲ್ಲ. ಅಂಥ ವಾದ್ಯದಲ್ಲಿ ಕುಳಿಗಳ ತಾಮ್ರದ ಹೊದಿಕೆಗೆ ಎರಡು ಪಟ್ಟು ಗಮನ ಕೊಡಬೇಕು.

ಪಿಕಪ್ ಇಎಂಜಿಯದಾದರೆ ವೈರ್ ಬಿಡುವುದನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಅದಕ್ಕೆ ಕಾರಣ ಶಾಕ್.

ಯಾರ ಅರ್ಥಿಂಗ್?

ಮಳೆ ಹನಿಯುತ್ತಿದ್ದ ಒಂದು ಸಂಜೆ, ಕರಾವಳಿಯ ಮದುವೆಯೊಂದರ ಚಪ್ಪರದಲ್ಲಿ ನುಡಿಸುತ್ತಿದ್ದೆ. ಬಾಡಿಗೆಯ ಆಂಪ್ಲಿಫೈಯರ್, ಬಾಡಿಗೆಯ ಜನರೇಟರ್. ಪಲ್ಲವಿಗೆ ದನಿಗೂಡಿಸಲು ಮೈಕ್‌ಗೆ ಬಾಯಿ ತಂದೆ. ತುಟಿಗೆ ಸೂಜಿ ಚುಚ್ಚಿದಂತಾಗಿ ತಲೆ ಹಿಂದಕ್ಕೆ ಹೊಡೆಯಿತು. ಎಡಗೈ ತಂತಿಗಳ ಮೇಲಿತ್ತು, ತುಟಿ ಮೈಕ್‌ನ ಜಾಲರಿಯ ಮೇಲಿತ್ತು. ಎರಡರ ನಡುವೆ ನಾನೇ ವೈರ್. ಹಿಂದೆ ಹೋಗಿ ನೋಡಿದರೆ ಆಂಪ್ಲಿಫೈಯರ್‌ನ ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿದ್ದರು. ಅರ್ಥಿಂಗ್ ಅಲ್ಲಿಗೇ ತುಂಡಾಗಿತ್ತು. ಟೆಸ್ಟರ್ ತಂತಿಗೆ ತಾಗಿಸಿದರೆ ಅದರ ಕೆಂಪು ದೀಪ ಹೊತ್ತಿತು.

ಅರ್ಥಿಂಗ್ ಇಲ್ಲದ ಆಂಪ್ಲಿಫೈಯರ್‌ನ ಮೈ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳ ದೆಸೆಯಿಂದ ಸುಮಾರು ಅರ್ಧ ವೋಲ್ಟೇಜಿಗೆ, ಎಂದರೆ 115 ವೋಲ್ಟ್ ಹತ್ತಿರಕ್ಕೆ, ಏರಿ ನಿಲ್ಲಬಹುದು. ಅದರಲ್ಲಿ ಹರಿಯುವ ವಿದ್ಯುತ್ ಸಣ್ಣದು, ಜುಮ್ಮೆನ್ನಿಸುತ್ತದೆ, ಅಷ್ಟೇ. ಒಳಗೆ ನಿಜವಾಗಿಯೂ ಫೇಸ್ ವೈರ್ ಆಂಪ್ಲಿಫೈಯರ್‌ನ ಲೋಹದ ಮೈಗೆ ತಾಗಿದ್ದರೆ ಅದೇ ತಂತಿಯಲ್ಲಿ ಪೂರ್ತಿ 230 ವೋಲ್ಟ್. ಬ್ರಿಡ್ಜ್ ವೈರ್ ನಿಷ್ಠೆಯಿಂದ ಅದನ್ನೂ ಕೈಗೆ ತಂದುಕೊಡುತ್ತದೆ.

ಅದಕ್ಕೆ ಕೆಲವರು ಬ್ರಿಡ್ಜ್ ವೈರನ್ನು ನೇರವಾಗಿ ಪಾಟ್‌ಗೆ ಬೆಸೆಯದೆ, ನಡುವೆ ಒಂದು ಕೆಪಾಸಿಟರ್ ಹಾಕುತ್ತಾರೆ. ಬಹಳ ಪ್ರಚಾರದಲ್ಲಿರುವ ಅಳತೆ 0.33 ಮೈಕ್ರೋಫ್ಯಾರಡ್, 400 ವೋಲ್ಟ್. ಇದನ್ನು ನಮ್ಮ 50 ಹರ್ಟ್ಸ್‌ಗೆ ಲೆಕ್ಕ ಹಾಕಿ ನೋಡಿ. ತಡೆ ಸುಮಾರು 9,600 ಓಮ್. 230 ವೋಲ್ಟ್‌ಗೆ 24 ಮಿಲಿಆಂಪಿಯರ್ ಹರಿಯುತ್ತದೆ. ಹತ್ತು ಮಿಲಿಆಂಪಿಯರ್ ದಾಟಿದರೆ ಸ್ನಾಯು ಹಿಡಿದುಕೊಂಡು ಕೈ ಬಿಡಿಸಲಾಗದ ಸ್ಥಿತಿ ಬರಬಹುದು. ಇದನ್ನು ರಕ್ಷಣೆ ಎನ್ನಲು ನನಗೆ ಮನಸ್ಸಿಲ್ಲ.

ಬದಲಿಗೆ 220 ಕಿಲೋಓಮ್ ರೆಸಿಸ್ಟರ್, ಅದಕ್ಕೆ ಸಮಾಂತರವಾಗಿ 0.001 ಮೈಕ್ರೋಫ್ಯಾರಡ್ ಕೆಪಾಸಿಟರ್. ಈಗ ಹರಿಯುವುದು ಒಂದು ಮಿಲಿಆಂಪಿಯರ್‌ನಷ್ಟೇ. ಚುರ್ ಎನ್ನುತ್ತದೆ, ಕೈ ಹಿಡಿದುಕೊಳ್ಳುವುದಿಲ್ಲ. ಗುಂಯ್ ನಿಲ್ಲಲು ಇದು ಸಾಕೇ? ಸಾಕು. ಮೈ ಹೀರುವ ವಿದ್ಯುತ್ ಮೈಕ್ರೋಆಂಪಿಯರ್‌ಗಳ ಲೆಕ್ಕದ್ದು. ಅದನ್ನು ಹರಿಸಿಬಿಡಲು 220 ಕಿಲೋಓಮ್ ಧಾರಾಳ ದಾರಿ. ರೆಸಿಸ್ಟರ್ ಅರ್ಧ ವಾಟಿನದಿರಲಿ. 230 ವೋಲ್ಟ್ ಬಿದ್ದರೆ ಅದರಲ್ಲಿ ಕಾಲು ವಾಟ್ ಬಿಸಿ ಹುಟ್ಟುತ್ತದೆ. ಕೆಪಾಸಿಟರ್ ಮನೆಯ ವಿದ್ಯುತ್ತಿಗೆಂದೇ ಮಾಡಿದ ವೈ ದರ್ಜೆಯದ್ದಾಗಿರಲಿ.

ಇದಕ್ಕೂ ಮಿತಿಯುಂಟು. ಜಾಝ್ ಬೇಸ್‌ನ ಕಂಟ್ರೋಲ್ ತಟ್ಟೆ, ಲೋಹದ ನಾಬ್, ಜ್ಯಾಕ್‌ನ ಬಳೆ ನೇರವಾಗಿ ಗ್ರೌಂಡಿಗೇ ಸೇರಿರುತ್ತವೆ. ಅವನ್ನು ಮುಟ್ಟಿದರೆ ರೆಸಿಸ್ಟರ್ ಕಾಯುವುದಿಲ್ಲ. ಈ ದಾರಿ ಹಿಡಿಯುವವರು ಪ್ಲಾಸ್ಟಿಕ್ ನಾಬ್, ಪ್ಲಾಸ್ಟಿಕ್ ತಟ್ಟೆ ಹಾಕಿಕೊಳ್ಳಿ. ಮನೆಯಲ್ಲೇ ನುಡಿಸುವವರಿಗೆ, ಅರ್ಥಿಂಗ್ ಸರಿಯಿದ್ದರೆ, ನೇರ ವೈರೇ ಸಾಕು. ಜಾತ್ರೆ, ಮದುವೆ, ಶಾಲಾ ವಾರ್ಷಿಕೋತ್ಸವ ಎಂದು ಊರೂರು ತಿರುಗುವವರಿಗೆ ರೆಸಿಸ್ಟರ್ ಹಾಕಿಯೇ ಕೊಡುತ್ತೇನೆ. ಜತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕರೆಂಟ್ ಕಡಿಯುವ ಸ್ವಿಚ್) ಇರುವ ಒಂದು ಎಕ್ಸ್‌ಟೆನ್ಷನ್ ಬೋರ್ಡನ್ನು ಚೀಲದಲ್ಲಿ ಒಯ್ಯಲು ಹೇಳುತ್ತೇನೆ. ಮೈಕ್ ಬಳಿ ಹೋಗುವ ಮೊದಲು ತಂತಿಗೂ ಮೈಕ್‌ನ ಜಾಲರಿಗೂ ಟೆಸ್ಟರ್ ತಾಗಿಸಿ. ದೀಪ ಹೊತ್ತಿದರೆ ನುಡಿಸಬೇಡಿ, ಯಾರು ಎಷ್ಟೇ ಅವಸರ ಮಾಡಲಿ. ಹೊತ್ತದಿದ್ದರೂ ಅದನ್ನೇ ಭರವಸೆ ಎಂದುಕೊಳ್ಳದೆ ಪ್ಲಗ್ಗಿನ ಮೂರನೇ ಪಿನ್ ಸಾಕೆಟ್ಟಿನವರೆಗೆ ಹೋಗಿದೆಯೇ ನೋಡಿ.

ಮುಚ್ಚಳ ಹಾಕುವ ಮೊದಲು

ಬ್ರಿಡ್ಜ್ ಬಿಗಿದ ಮೇಲೆ, ತಂತಿ ಹಾಕುವ ಮೊದಲು ಒಮ್ಮೆ, ಹಾಕಿ ಶ್ರುತಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಮೀಟರ್‌ನ ಒಂದು ಮೊನೆ ಜ್ಯಾಕ್‌ನ ಹೊರಬಳೆಗೆ, ಇನ್ನೊಂದು ಸ್ಯಾಡಲ್‌ಗೆ, ಆಮೇಲೆ ಒಂದೊಂದೇ ತಂತಿಗೆ. ನೇರ ವೈರ್ ಇದ್ದರೆ ಒಂದು ಓಮ್‌ಗಿಂತ ಕಡಿಮೆ ಬರಬೇಕು. ಮೀಟರ್‌ನ ಮೊನೆಗಳನ್ನೇ ಒಂದಕ್ಕೊಂದು ತಾಗಿಸಿದಾಗ ಬರುವ ಅಂಕೆಯನ್ನು ಕಳೆಯಲು ಮರೆಯಬೇಡಿ. ರೆಸಿಸ್ಟರ್ ಹಾಕಿದ್ದರೆ 220 ಕಿಲೋಓಮ್ ಸುತ್ತಮುತ್ತ ತೋರಿಸಬೇಕು. ಅಳೆಯುವಾಗ ಬ್ರಿಡ್ಜನ್ನು ಹೆಬ್ಬೆರಳಿನಿಂದ ಒತ್ತಿ, ಬಿಡಿ, ಪಕ್ಕಕ್ಕೆ ತಳ್ಳಿ. ಅಂಕೆ ಕುಣಿಯಬಾರದು.

ಬಂದ ಅಂಕೆಯನ್ನು ಮುಚ್ಚಳದ ಒಳಮೈಯಲ್ಲಿ ಬರೆದಿಡುವುದು ನನ್ನ ರೂಢಿ. ಪ್ರತಿ ವರ್ಷ ಆಯುಧಪೂಜೆಗೆ ವಾದ್ಯ ಒರೆಸಿ ಹೂವೇರಿಸುವ ದಿನ, ಮಳೆ ಹಿಂದೆ ಸರಿದಿರುತ್ತದೆ, ಅಂದೇ ಮತ್ತೆ ಅಳೆಯುತ್ತೇನೆ. ಶಿರಸಿಯ ಹಲಸಿನ ಬೇಸ್‌ನ ಮುಚ್ಚಳದಲ್ಲಿ ಈಗ ಭಾವನ ಕೈಬರಹದಲ್ಲಿ ಮೂರು ಅಂಕೆಗಳಿವೆ: 0.3, 0.3, 0.4.